ತೊಗರಿಗೂ ಜಾಲಿಗೂ ಒಂದೇ ಬಳಗ

(ಹೂವಿನ ಗಿಡಗಳ ಮನೆತನ ಪತ್ತೆ ಹಚ್ಚುವ ಬಗೆ)



ಒಂದು ಪ್ರಶ್ನೆ ಕೇಳಿ ಈ ಲೇಖನ ಸುರು ಮಾಡ್ತೀನಿ. ನಮ್ಮ ಕಡೆ ಹೊಲದ ಬದುವಿಗೆ ಕಳ್ಳಿ ಬೇಲಿ ಹಚ್ಚಿರ್ತಾರ. ಊರ ಹೊರಗಿನ ಬೀಳು ಜಾಗದಾಗ ಪಾಪಾಸುಕಳ್ಳಿ ಬೆಳೆದಿರ್ತದ. ಎರಡಕ್ಕೂ ಮುಳ್ಳು ಅದಾವ. ಎರಡರ ದಂಟೂ ದಪ್ಪಗೆ, ಹಸಿರಾಗಿ, ನೀರು ತುಂಬಿಕೊಂಡಿರುತ್ತದೆ. ಹೆಸರೂ ಕಳ್ಳಿ ಅಂತಲೇ. ಇನ್ನೊಂದು ಕಡೆ ತೊಗರಿ ಗಿಡ ಮತ್ತು ಜಾಲಿ ಮರ ನೋಡ್ರಿ. ಒಂದು ವರ್ಷದೊಳಗೆ ಕೊಯ್ಯುವ ಬೆಳೆ, ಇನ್ನೊಂದು ನೇಗಿಲಿಗೆ ಕಟ್ಟಿಗೆ ಕೊಡುವ ಮುಳ್ಳಿನ ಮರ. ಇವುಗಳಲ್ಲಿ ಯಾವುದಕ್ಕೆ ಯಾವುದು ಬಳಗ?

ಎಲ್ಲರೂ ಕಳ್ಳಿಗೆ ಕಳ್ಳಿಯೇ ಬಳಗ ಅಂತೀರಿ. ಆದರೆ ಸಸ್ಯಶಾಸ್ತ್ರಜ್ಞರು ಹೇಳುವುದು ಬೇರೆ. ಎರಡು ಕಳ್ಳಿಗಳು ಎರಡು ಬೇರೆ ಕುಟುಂಬದವು. ತೊಗರಿ ಮತ್ತು ಜಾಲಿ ಒಂದೇ ಕುಟುಂಬದವು. ಇದು ಹ್ಯಾಂಗ? ಇದನ್ನು ತಿಳಿಯುವುದರಿಂದ ನಮ್ಮಂಥ ಒಕ್ಕಲುತನದ ಮನೆಯವರಿಗೆ ಏನು ಉಪಯೋಗ? ಅದನ್ನೇ ಇಲ್ಲಿ ಬರೆದಿದ್ದೇನೆ.

ರೂಪ ನೋಡಿ ಮೋಸ ಹೋಗಬಾರದು

ಬೇಲಿಯ ಕಳ್ಳಿ ಮುರಿದರೆ ಬಿಳಿ ಹಾಲು ಬರುತ್ತದೆ. ಪಾಪಾಸುಕಳ್ಳಿ ಮುರಿದರೆ ಅಂಥ ಹಾಲು ಬರುವುದಿಲ್ಲ. ಬೇಲಿಯ ಕಳ್ಳಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ಅದರ ಕಾಯಿ ಮೂರು ಭಾಗದ್ದು. ಈ ಮೂರು ಭಾಗದ ಕಾಯಿ ಇನ್ನೆಲ್ಲಿ ನೋಡೀರಿ? ಔಡಲ ಗಿಡದಾಗ! ಹೌದು, ಬೇಲಿಯ ಕಳ್ಳಿ ಔಡಲದ ಬಳಗ. ಪಾಪಾಸುಕಳ್ಳಿಯ ಹೂವು ದೊಡ್ಡದು, ಅದರಲ್ಲಿ ಹತ್ತಾರು ಎಸಳು ಇರುತ್ತವೆ. ಅದು ಅಮೆರಿಕ ಖಂಡದಿಂದ ಮನುಷ್ಯರ ಕೈಯಲ್ಲಿ ಇಲ್ಲಿಗೆ ಬಂದ ಗಿಡ.

ಹಾಂಗಾದ್ರ ಎರಡೂ ಒಂದೇ ತರಹ ಯಾಕೆ ಕಾಣ್ತಾವ? ಬಿಸಿಲು ಮತ್ತು ನೀರಿನ ಕೊರತೆಯೇ ಕಾರಣ. ಒಣ ನಾಡಿನಲ್ಲಿ ಎಲೆ ಕಡಿಮೆ ಇದ್ದು, ದಂಟಿನಲ್ಲಿ ನೀರು ಇಟ್ಟುಕೊಂಡ ಗಿಡ ಬದುಕಿತು. ಅಮೆರಿಕದಲ್ಲಿ ಒಂದು ಕುಟುಂಬ ಹೀಗೆ ಬದಲಾಯಿತು, ನಮ್ಮ ಕಡೆ ಮತ್ತು ಆಫ್ರಿಕದಲ್ಲಿ ಇನ್ನೊಂದು ಕುಟುಂಬ ಹೀಗೆ ಬದಲಾಯಿತು. ಒಂದರಿಂದ ಒಂದು ಕಲಿತದ್ದಲ್ಲ, ಒಂದೇ ಕಷ್ಟಕ್ಕೆ ಎರಡೂ ಒಂದೇ ಉಪಾಯ ಕಂಡುಕೊಂಡವು.

ಎಲೆ, ದಂಟು, ಮುಳ್ಳು, ಎತ್ತರ ಇವೆಲ್ಲ ಹವೆ ಮತ್ತು ನೆಲ ನೋಡಿ ಬೇಗ ಬದಲಾಗುತ್ತವೆ. ಹೂವಿನ ಮತ್ತು ಕಾಯಿಯ ಒಳಗಿನ ಕಟ್ಟಡ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಮನೆತನ ಕೇಳಬೇಕಾದರೆ ಮೊದಲು ಹೂವಿಗೆ ಕೇಳಬೇಕು, ಕಾಯಿಗೆ ಕೇಳಬೇಕು.

ತೊಗರಿ ಹೂವು ಬಿಡಿಸಿ ನೋಡ್ರಿ

ಸೇಡಂ, ಚಿತ್ತಾಪುರ ಕಡೆ ತೊಗರಿ ಹೂವಿಗೇನು ಬರ? ಒಂದು ಹೂವು ತಂದು ಮೆಲ್ಲಗೆ ಬಿಡಿಸಿರಿ. ಐದು ಎಸಳು ಇರುತ್ತವೆ. ಹಿಂದೆ ಒಂದು ದೊಡ್ಡ ಎಸಳು ಎತ್ತಿ ನಿಂತಿರುತ್ತದೆ, ಅದು ಪತಾಕೆ. ಎಡಕ್ಕೊಂದು ಬಲಕ್ಕೊಂದು ಎಸಳು, ಅವು ರೆಕ್ಕೆ. ಕೆಳಗೆ ಎರಡು ಎಸಳು ಕೂಡಿ ದೋಣಿಯ ಹಾಂಗ ಆಗಿರುತ್ತವೆ. ದೋಣಿಯೊಳಗೆ ಹತ್ತು ಕೇಸರ. ಸೂಜಿಯಿಂದ ಬಿಡಿಸಿದರೆ ಒಂಬತ್ತು ಕೇಸರ ಬುಡದಲ್ಲಿ ಕೂಡಿಕೊಂಡಿರುತ್ತವೆ, ಹತ್ತನೆಯದು ಒಂಟಿ.

ಈಗ ಕಡಲಿ ಹೂವು, ಹೆಸರಿನ ಹೂವು ಬಿಡಿಸಿರಿ. ಬಣ್ಣ ಬೇರೆ, ಗಾತ್ರ ಬೇರೆ, ಕಟ್ಟಡ ಅದೇ. ಚಿಂಚೋಳಿ ಅಡವಿಯಲ್ಲಿ ಬ್ಯಾಸಿಗಿ ಮುಂದ ಎಲೆ ಉದುರಿಸಿ ಕೆಂಡದ ಹಾಂಗ ಅರಳುವ ಮುತ್ತಲ ಹೂವು ಬಿಡಿಸಿದರೂ ಅದೇ ಪತಾಕೆ, ಅದೇ ರೆಕ್ಕೆ, ಅದೇ ದೋಣಿ. ಪತ್ರಾವಳಿ ಹಚ್ಚುವ ಮುತ್ತಲಕ್ಕೂ ನಾವು ಉಣ್ಣುವ ಬ್ಯಾಳಿಗೂ ಸಂಬಂಧ ಹೂವಿನೊಳಗೆ ಕಾಣುತ್ತದೆ.

ಆದರೆ ಜಾಲಿ ಹೂವು ಹೀಗಿಲ್ಲ. ಅದು ಹಳದಿ ಗುಂಡು. ಆ ಗುಂಡಿನಲ್ಲಿ ಸಣ್ಣ ಸಣ್ಣ ಹೂವುಗಳು ಒತ್ತಾಗಿ ಕೂತಿರುತ್ತವೆ, ಕೇಸರಗಳೇ ಎದ್ದು ಕಾಣುತ್ತವೆ. ಹಾಂಗಾದ್ರ ಜಾಲಿ ತೊಗರಿಯ ಬಳಗ ಹ್ಯಾಂಗ ಆಯ್ತು? ಇದಕ್ಕೆ ಕಾಯಿ ಉತ್ತರ ಕೊಡುತ್ತದೆ. ಕುರಿ, ಆಡು ಆರಿಸಿ ತಿನ್ನುವ ಜಾಲಿ ಕಾಯಿ, ತೊಗರಿ ಕಾಯಿ, ಹುಣಸಿ ಕಾಯಿ, ತಂಗಡಿ ಕಾಯಿ, ನೆಲದೊಳಗಿನ ಶೇಂಗಾ, ಎಲ್ಲವೂ ಒಂದೇ ಕೋಣೆಯ ಉದ್ದನೆಯ ಕಾಯಿಗಳೇ. ಬೀಜಗಳು ಒಂದೇ ಅಂಚಿಗೆ ಸಾಲಾಗಿ ಅಂಟಿರುತ್ತವೆ. ಈ ಕಾಯಿಯೇ ಆ ಮನೆತನದ ಮುದ್ರೆ. ಇದನ್ನು ದ್ವಿದಳ ಧಾನ್ಯದ ಕುಟುಂಬ ಅಥವಾ ಫೇಬೇಸಿ ಅಂತಾರ. ಲೋಕದಲ್ಲಿ ಈ ಕುಟುಂಬದ ಗಿಡಗಳು ಸುಮಾರು 20 ಸಾವಿರ ಬಗೆ ಇವೆ.

ಒಂದು ಹಸಿ ತೊಗರಿ ಕಾಯಿ ಬಿಚ್ಚಿ ಅಗಲಿಸಿ ನೋಡ್ರಿ. ನಡುವೆ ಮಡಚಿದ ಎಲೆಯ ಹಾಂಗ ಕಾಣುತ್ತದೆ. ಇದು ಬರೀ ಹೋಲಿಕೆಯಲ್ಲ. ಬೀಜವನ್ನು ಸುತ್ತಿಕೊಂಡ ಅಂಗ ಮಡಚಿದ ಎಲೆಯಂತೆ ಇತ್ತು ಎಂದು 1951ರಲ್ಲಿ ಇಬ್ಬರು ವಿಜ್ಞಾನಿಗಳು ಒಂದು ಹೆಸರಾದ ಲೇಖನದಲ್ಲಿ ವಿವರಿಸಿದರು. ಒಬ್ಬರು ಅಮೆರಿಕದ ಬೇಲಿ. ಇನ್ನೊಬ್ಬರು ನಮ್ಮ ಕನ್ನಡದ ಬಿ.ಜಿ.ಎಲ್. ಸ್ವಾಮಿ, ಡಿ.ವಿ.ಜಿ. ಅವರ ಮಗ, 'ಹಸುರು ಹೊನ್ನು' ಬರೆದವರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೂವು ಹ್ಯಾಂಗ ಹುಟ್ಟಿತು ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಭಾಷೆಯಲ್ಲಿ ಬರೆದವರೂ ಇದ್ದಾರೆ ಎಂಬುದು ಹೆಮ್ಮೆಯ ವಿಷಯ.

ಎಣಿಕೆಯಿಂದ ವಂಶಾವಳಿಗೆ

1753ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದದ ಹೆಸರು ಇಡುವ ಪದ್ಧತಿ ಬಳಕೆಗೆ ತಂದರು. ನಮ್ಮ ಹೆಸರಿಗೆ ಮನೆತನದ ಅಡ್ಡಹೆಸರು ಇದ್ದ ಹಾಂಗ. ತೊಗರಿಯ ಈಗಿನ ಹೆಸರು ಕಜಾನಸ್ ಕಜಾನ್. ಮೊದಲನೆಯದು ಕುಲದ ಹೆಸರು, ಎರಡನೆಯದು ಅದರದೇ ಹೆಸರು. ಲಿನೇಯಸ್ ಗಿಡಗಳನ್ನು ಕೇಸರ ಎಣಿಸಿ 24 ವರ್ಗ ಮಾಡಿದರು. ಎಣಿಸುವುದು ಸುಲಭ, ಆದರೆ ಬಳಗ ತಪ್ಪುತ್ತಿತ್ತು. ಒಂದು ಊರಿನ ಮಂದಿಯನ್ನು ಅಂಗಿಯ ಗುಂಡಿ ಎಣಿಸಿ ಗುಂಪು ಮಾಡಿದರೆ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಆಗ್ತಾರಲ್ಲ, ಹಾಂಗ.

ಆಮೇಲೆ ಇಂಗ್ಲೆಂಡಿನ ಬೆಂಥಾಮ್ ಮತ್ತು ಹೂಕರ್ 1862ರಿಂದ 1883ರ ತನಕ ದುಡಿದು, ಒಂದಲ್ಲ, ಅನೇಕ ಗುಣಗಳನ್ನು ಕೂಡಿಸಿ ನೋಡಿ, 202 ಕುಟುಂಬಗಳಾಗಿ ವಿಂಗಡಿಸಿದರು. ನಮ್ಮ ದೇಶದ ಕಾಲೇಜುಗಳಲ್ಲಿ ಬಹಳ ವರ್ಷ ಇದನ್ನೇ ಕಲಿಸಿದರು.

ಆದರೆ 1859ರಲ್ಲೇ ಡಾರ್ವಿನ್ ಒಂದು ಮಾತು ಹೇಳಿದ್ದರು. ಜೀವಿಗಳ ನಿಜವಾದ ವಿಂಗಡಣೆ ಎಂದರೆ ವಂಶಾವಳಿಯೇ. ಅಂದರೆ ಕುಟುಂಬ ಎಂದರೆ ಒಂದೇ ಪೂರ್ವಜನ ಎಲ್ಲ ಸಂತಾನ. ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ವಂಶಾವಳಿ ಬರೆಯುವಾಗ ಅಮೋಘವರ್ಷ ನೃಪತುಂಗನನ್ನು ಬಿಟ್ಟರೆ ಅದು ವಂಶಾವಳಿ ಆಗುವುದಿಲ್ಲ, ಬೇರೆ ಮನೆತನದ ರಾಜನನ್ನು ಸೇರಿಸಿದರೂ ಆಗುವುದಿಲ್ಲ. ಗಿಡಗಳ ಕುಟುಂಬಕ್ಕೂ ಇದೇ ನಿಯಮ. ಒಳಗಿನವರು ಯಾರೂ ಹೊರಗೆ ಉಳಿಯಬಾರದು, ಹೊರಗಿನವರು ಒಳಗೆ ಬರಬಾರದು.

ರಾಜರಿಗೆ ಶಾಸನಗಳಿದ್ದವು. ಗಿಡಗಳಿಗೆ ಶಾಸನ ಎಲ್ಲಿದೆ?

ಪದದ ವಹಿ ಮತ್ತು ಡಿ.ಎನ್.ಎ.

ಶಾಸನ ಗಿಡದೊಳಗೇ ಇದೆ. ಅದೇ ಡಿ.ಎನ್.ಎ. ಪ್ರತಿ ಜೀವಕೋಶದಲ್ಲಿ ನಾಲ್ಕು ಅಕ್ಷರದಲ್ಲಿ ಬರೆದ ಉದ್ದನೆಯ ಬರಹ. ತಾಯಿ ಗಿಡದಿಂದ ಮರಿ ಗಿಡಕ್ಕೆ ಇದರ ನಕಲು ಹೋಗುತ್ತದೆ. ನಕಲಿನಲ್ಲಿ ಆಗೀಗ ಒಂದು ಅಕ್ಷರ ಬದಲಾಗುತ್ತದೆ.

ನಮ್ಮ ಕಡೆಯ ಭಜನಿ ಮ್ಯಾಳದವರ ಪದದ ವಹಿ ನೆನಪಿಗೆ ತಂದುಕೊಳ್ರಿ. ಒಬ್ಬರ ವಹಿ ನೋಡಿ ಇನ್ನೊಬ್ಬರು ಬರಕೊಳ್ತಾರ. ಒಂದೂರಿನವರು ಬರೆಯುವಾಗ ಐದನೇ ಸಾಲಿನಲ್ಲಿ ಒಂದು ಶಬ್ದ ಬದಲಾಯಿತು ಅನ್ರಿ. ಅವರ ವಹಿ ನೋಡಿ ಬರಕೊಂಡವರೆಲ್ಲರ ವಹಿಯಲ್ಲೂ ಆ ಬದಲಾವಣೆ ಇರುತ್ತದೆ. ಹತ್ತು ಊರಿನ ವಹಿ ಮುಂದಿಟ್ಟುಕೊಂಡು ಕೂತರೆ ಯಾವ ವಹಿ ಯಾವುದರಿಂದ ಬಂತು ಎಂದು ಬರೆಯಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲ ವಹಿಯಲ್ಲೂ ಸರಿಯಾಗಿಯೇ ಇರುವ ಸಾಲು ನಮಗೆ ಏನನ್ನೂ ಹೇಳುವುದಿಲ್ಲ. ಕೆಲವರಲ್ಲಿ ಮಾತ್ರ ಕೂಡಿ ಬಂದ ಬದಲಾವಣೆಯೇ ಗುರುತು. ಹಾಂಗೇ, ಎರಡು ಗಿಡಕ್ಕೂ ಹಸಿರು ಎಲೆ ಇದೆ ಎಂದರೆ ಬಳಗ ಸಿದ್ಧವಾಗುವುದಿಲ್ಲ, ಅದು ಎಲ್ಲಕ್ಕೂ ಇದೆ. ಹೊಸದಾಗಿ ಬಂದು ಇಬ್ಬರಲ್ಲೂ ಉಳಿದ ಗುಣ ಬೇಕು.

1998ರಲ್ಲಿ ಅನೇಕ ದೇಶದ ಸಸ್ಯಶಾಸ್ತ್ರಜ್ಞರು ಕೂಡಿ ಡಿ.ಎನ್.ಎ. ಆಧಾರದ ಮೇಲೆ ಹೂವಿನ ಗಿಡಗಳ ಹೊಸ ಪಟ್ಟಿ ಹೊರತಂದರು. ಈ ಗುಂಪಿಗೆ ಎ.ಪಿ.ಜಿ. ಎಂದು ಹೆಸರು. ಅದರಲ್ಲಿ 462 ಕುಟುಂಬಗಳಿದ್ದವು. 2003, 2009 ಮತ್ತು 2016ರಲ್ಲಿ ಪಟ್ಟಿಯನ್ನು ತಿದ್ದಿದರು. 2016ರ ಪಟ್ಟಿಯಲ್ಲಿ 64 ಗಣಗಳು, 416 ಕುಟುಂಬಗಳು. 2024ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಮುಂದಾಳತ್ವದಲ್ಲಿ 9,500ಕ್ಕೂ ಹೆಚ್ಚು ಬಗೆಯ ಗಿಡಗಳ 353 ಜೀನುಗಳನ್ನು ಹೋಲಿಸಿ ಇನ್ನೂ ದೊಡ್ಡ ವಂಶವೃಕ್ಷ ಬರೆದರು.

ಹೊಸದಾಗಿ ಕಂಡ ಸಂಬಂಧಗಳು

ಬಹಳ ಕುಟುಂಬಗಳು ಹಳೆಯವರು ಹೇಳಿದ ಹಾಂಗೇ ಉಳಿದವು. ಹೂವು ನೋಡಿ ಹೇಳಿದ್ದನ್ನು ಡಿ.ಎನ್.ಎ. ಒಪ್ಪಿತು. ಕೆಲವು ಕಡೆ ಮಾತ್ರ ಎಲ್ಲರೂ ಬೆರಗಾದರು.

ಕೆರೆಯಲ್ಲಿ ತಾವರೆ, ನೈದಿಲೆ ಒಟ್ಟಿಗೆ ಇರುತ್ತವೆ. ಮೊದಲು ಇವನ್ನು ಅಕ್ಕ ತಂಗಿ ಎಂದೇ ಬರೆಯುತ್ತಿದ್ದರು. ಡಿ.ಎನ್.ಎ. ಹೇಳಿತು, ತಾವರೆಯ ಹತ್ತಿರದ ಬಳಗದಲ್ಲಿ ಸಿಲ್ವರ್ ಓಕ್ ಮರ ಇದೆ! ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ಹಚ್ಚುವ ಅದೇ ಮರ. ನೈದಿಲೆಯೋ ಹೂವಿನ ಗಿಡಗಳ ವಂಶದಲ್ಲಿ ಬಹಳ ಮೊದಲೇ ಬೇರೆಯಾದ ಕವಲು. ನೀರೊಳಗೆ ಬದುಕಿ ಬದುಕಿ ಎರಡೂ ಒಂದೇ ರೂಪ ತಾಳಿದವು, ಕಳ್ಳಿಗಳು ಬಿಸಿಲಿನಾಗ ತಾಳಿದ ಹಾಂಗ.

ಹತ್ತಿ, ಬೆಂಡಿ, ಪುಂಡಿ, ದಾಸವಾಳ ಒಂದೇ ಕುಟುಂಬ. ಇವುಗಳ ಕೇಸರಗಳೆಲ್ಲ ಕೂಡಿ ನಡುವೆ ಕೊಳವೆ ಆಗಿರುತ್ತವೆ, ದಾಸವಾಳದಲ್ಲಿ ಚೆನ್ನಾಗಿ ಕಾಣುತ್ತದೆ. ದಿಂಬಿಗೆ ಹತ್ತಿ ಕೊಡುವ ಬೂರುಗ ಮರವನ್ನು ಮೊದಲು ಬೇರೆ ಕುಟುಂಬದಲ್ಲಿ ಇಡುತ್ತಿದ್ದರು. 1998ರ ಪಟ್ಟಿ ಅದನ್ನೂ ಹತ್ತಿಯ ಮನೆಗೆ ಸೇರಿಸಿತು.

ತೊಗರಿಯ ಕುಟುಂಬವನ್ನು ಹಳೆಯ ಪುಸ್ತಕಗಳು ಮೂರು ಉಪಕುಟುಂಬ ಮಾಡಿದ್ದವು. ಕೆಲವರು ಮೂರು ಬೇರೆ ಕುಟುಂಬ ಎಂದೇ ಬರೆದರು. 2017ರಲ್ಲಿ ಅದು ಒಂದೇ ಕುಟುಂಬ, ಆರು ಉಪಕುಟುಂಬ ಎಂದಾಯಿತು. ಹುಣಸಿ ಒಂದರಲ್ಲಿ, ತೊಗರಿ ಇನ್ನೊಂದರಲ್ಲಿ, ಜಾಲಿ ಬನ್ನಿ ತಂಗಡಿ ಮತ್ತೊಂದರಲ್ಲಿ.

ಇನ್ನು ಬನ್ನಿ ಮರದ ಸುದ್ದಿ ಕೇಳ್ರಿ. ದಸರಾಕ್ಕೆ ನಾವು ಬನ್ನಿ ಕೊಟ್ಟು ನಮಸ್ಕಾರ ಮಾಡ್ತೀವಿ. ವಾಡಿ, ಶಹಾಬಾದ ಕಡೆ ರೈಲು ಹಳಿಯ ಪಕ್ಕ, ಕಲ್ಲಿನ ಖಣಿಗಳ ಸುತ್ತ ಕಿಕ್ಕಿರಿದು ಬೆಳೆದದ್ದು ಬಳ್ಳಾರಿ ಜಾಲಿ. ಅದು ಅಮೆರಿಕದಿಂದ ತಂದದ್ದು. ಈ ಎರಡನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಡಿ.ಎನ್.ಎ. ನೋಡಿ ಆ ಕುಲವನ್ನು ಒಡೆದರು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು, ಬಳ್ಳಾರಿ ಜಾಲಿಗೆ ನೆಲ್ಟುಮಾ ಎಂಬ ಕುಲದ ಹೆಸರು ಬಂತು. ನಮ್ಮ ಜಾಲಿಗೆ ಇದ್ದ ಅಕೇಶಿಯಾ ಎಂಬ ಹೆಸರನ್ನು ಮಾತ್ರ 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯಶಾಸ್ತ್ರ ಸಮ್ಮೇಳನ ಆಸ್ಟ್ರೇಲಿಯದ ಗಿಡಗಳಿಗೆ ಬಿಟ್ಟುಕೊಟ್ಟಿತು. ನಮ್ಮ ಜಾಲಿ ಈಗ ವ್ಯಾಚೆಲಿಯಾ. ಹೆಸರು ಹೋದರೂ ಮುಳ್ಳು ಹೋಗಿಲ್ಲ!

ಶಹಾಬಾದ ಕಲ್ಲು ಏನು ಹೇಳುತ್ತದೆ?

ಮನೆಗೆ ಹಾಸುವ ಶಹಾಬಾದ ಕಲ್ಲು, ವಾಡಿ ಮತ್ತು ಸೇಡಮ್ಮಿನ ಸಿಮೆಂಟಿಗೆ ಹೋಗುವ ಸುಣ್ಣದ ಕಲ್ಲು ಹಳೆಯ ಸಮುದ್ರದ ತಳದಲ್ಲಿ ಕೂತ ಕೆಸರಿನಿಂದ ಆದದ್ದು. ಅದರ ವಯಸ್ಸು 50 ಕೋಟಿ ವರ್ಷಕ್ಕಿಂತ ಹೆಚ್ಚು. ಎಷ್ಟು ಪದರ ಬಿಡಿಸಿದರೂ ಅದರಲ್ಲಿ ಹೂವಿನ ಗುರುತು ಸಿಗುವುದಿಲ್ಲ, ಯಾಕಂದ್ರ ಆಗ ಭೂಮಿ ಮೇಲೆ ಹೂವೇ ಇರಲಿಲ್ಲ. ಹೂವಿನ ಗಿಡಗಳ ಖಚಿತ ಪಳೆಯುಳಿಕೆಗಳು ಸಿಗುವುದು ಸುಮಾರು 13 ಕೋಟಿ ವರ್ಷದಿಂದ ಈಚೆಗೆ.

ಚಿಂಚೋಳಿ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಆ ಹೊತ್ತಿಗೆ ಹೂವಿನ ಗಿಡಗಳು ಬಂದಿದ್ದವು. 2005ರಲ್ಲಿ ಮಹಾರಾಷ್ಟ್ರದ ಪಿಸ್ದುರಾ ಎಂಬಲ್ಲಿ ಸಿಕ್ಕ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಸೂಕ್ಷ್ಮ ಕಣಗಳು ಇರುವುದನ್ನು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ತೋರಿಸಿದರು. ಹುಲ್ಲು ಎಂದರೆ ಜ್ವಾಳದ ಕುಟುಂಬ. ಜ್ವಾಳದ ಬಳಗ ಅಷ್ಟು ಹಳೆಯದು! ಡಿ.ಎನ್.ಎ. ಯಾರು ಯಾರಿಗೆ ಬಳಗ ಎಂದು ಹೇಳಿದರೆ, ಕಲ್ಲು ಎಷ್ಟು ಹಿಂದಿನಿಂದ ಎಂದು ಹೇಳುತ್ತದೆ.

ರೈತನಿಗೆ ಇದರಿಂದ ಏನು?

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ಜಿಲ್ಲೆ ತೊಗರಿ ಕಣಜ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಆದರೆ 2022–23ರಲ್ಲಿ ನೆಟೆ ರೋಗ ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ನಿಂತಲ್ಲೇ ಒಣಗಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಈ ರೋಗ ಒಂದು ಬೂಜಿನಿಂದ ಬರುತ್ತದೆ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕೂತು ತೊಗರಿಯ ಬೇರು ಹುಡುಕುತ್ತದೆ. ಇನ್ನೊಂದು ವೈರಿ ಕಾಯಿಕೊರಕ ಹುಳ. ನಮ್ಮ ಜಿಲ್ಲೆಯ ರೈತರು ಗಿಡ ಜಾಡಿಸಿ ಹುಳ ಉದುರಿಸುವುದು ಎಲ್ಲ ಕಡೆ ಹೆಸರಾಗಿದೆ.

ಇಲ್ಲಿ ಬಳಗದ ಲೆಕ್ಕ ಎರಡು ರೀತಿ ಕೆಲಸಕ್ಕೆ ಬರುತ್ತದೆ.

ಒಂದು, ಬೆಳೆ ಬದಲಿ. ತೊಗರಿ ಬಿತ್ತಿದ ಹೊಲಕ್ಕೆ ಮರುವರ್ಷ ಜ್ವಾಳ ಬಿತ್ತಿದರೆ ನೆಟೆ ರೋಗ ಕಡಿಮೆಯಾಗುತ್ತದೆ. ಜ್ವಾಳ ದೂರದ ಕುಟುಂಬದ್ದು, ತೊಗರಿಯ ಬೂಜಿಗೆ ಅದು ಆಹಾರವಲ್ಲ. ಹಿರಿಯರು ಜ್ವಾಳ ತೊಗರಿ ಕೂಡಿಸಿ ಅಕ್ಕಡಿ ಹಾಕುತ್ತಿದ್ದುದರಲ್ಲಿ ಅರ್ಥ ಅದ.

ಎರಡು, ಹೊಸ ತಳಿ. ರೋಗ ತಡೆಯುವ ಗುಣ ಬೇಕಾದರೆ ಮೊದಲು ತೊಗರಿಯೊಳಗೇ ಹುಡುಕುತ್ತಾರೆ. 1986ರಲ್ಲಿ ಬಂದ ಮಾರುತಿ, ಆಮೇಲೆ ಕಲಬುರಗಿ ಸಂಶೋಧನಾ ಕೇಂದ್ರದಿಂದ ಬಂದ ಟಿ.ಎಸ್.-3ಆರ್ ಹೀಗೆ ನೆಟೆ ರೋಗ ತಡೆಯುವ ತಳಿಗಳು. ತೊಗರಿಯಲ್ಲಿ ಇಲ್ಲದ ಗುಣ ಬೇಕಾದರೆ ಅದರ ಕಾಡು ಬಳಗಕ್ಕೆ ಹೋಗಬೇಕು. ಹುಲ್ಲಿನ ನಡುವೆ ಹಬ್ಬುವ, ಮೂರು ಎಲೆಯ, ಹಳದಿ ಹೂವಿನ, ರೋಮ ತುಂಬಿದ ಸಣ್ಣ ಕಾಯಿಯ ಒಂದು ಬಳ್ಳಿ ಇದೆ. ಅದನ್ನು ಮೊದಲು ಅಟೈಲೋಸಿಯಾ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ವ್ಯಾನ್ ಡರ್ ಮೇಸೆನ್ ಎಂಬ ವಿಜ್ಞಾನಿ ಹೂವು, ಕಾಯಿ, ಬೀಜ ಎಲ್ಲ ನೋಡಿ ಆ ಕುಲವನ್ನೇ ತೊಗರಿಯ ಕುಲಕ್ಕೆ ಸೇರಿಸಿದರು. ಕಾಗದದ ಮೇಲಿನ ಹೆಸರು ಬದಲಾವಣೆ ಅನ್ನಿಸಬಹುದು. ಆದರೆ ಆ ಬಳ್ಳಿ ತೊಗರಿಯ ಸ್ವಂತ ದಾಯಾದಿ, ಅದರ ಜೊತೆ ಸಂಕರ ಮಾಡಬಹುದು. ಅದರ ಕಾಯಿಯನ್ನು ಕಾಯಿಕೊರಕ ಹುಳ ಸುಲಭಕ್ಕೆ ತಿನ್ನಲಾರದು.

ಹೈದರಾಬಾದ ಹತ್ತಿರದ ಪಟಾನಚೆರುವಿನಲ್ಲಿ 1972ರಿಂದ ಇರುವ ಇಕ್ರಿಸ್ಯಾಟ್ ಸಂಸ್ಥೆಯವರು ಇನ್ನೊಂದು ಕಾಡು ಬಳಗದ ನೆರವಿನಿಂದ ಹೈಬ್ರಿಡ್ ತೊಗರಿ ಮಾಡಿದರು. 2011ರಲ್ಲಿ ತೊಗರಿಯ ಇಡೀ ಡಿ.ಎನ್.ಎ. ಬರಹವನ್ನು ಓದಿದ ಕೆಲಸಕ್ಕೂ ಅವರೇ ಮುಂದಾಳು. ಬದುವಿನ ಮೇಲಿನ ಕಸ ಎಂದು ಕಿತ್ತು ಒಗೆಯುವ ಗಿಡದಲ್ಲಿ ನಾಳೆಯ ತೊಗರಿಗೆ ಬೇಕಾದ ಗುಣ ಇರಬಹುದು. ಆ ಗಿಡ ಯಾರ ಬಳಗ ಎಂದು ಗೊತ್ತಿದ್ದರೆ ಮಾತ್ರ ಅದನ್ನು ಉಳಿಸಬೇಕು ಅನ್ನಿಸುತ್ತದೆ.

ಅದಕ್ಕೆ ಮೊದಲು ಯಾವ ಗಿಡ ಎಲ್ಲಿದೆ ಎಂಬ ಪಟ್ಟಿ ಬೇಕು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ, ಮದ್ರಾಸ್ ಪ್ರಾಂತಕ್ಕೆ ಸಸ್ಯಗಳ ಪುಸ್ತಕ ಆದವು. ನಮ್ಮ ತಾಲೂಕುಗಳು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿ ಇದ್ದುದರಿಂದ ಎರಡರಲ್ಲೂ ಸೇರಲಿಲ್ಲ. ಕೊನೆಗೆ 2000ದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ವೈ.ಎನ್. ಸೀತಾರಾಮ್ ಮತ್ತು ಸಂಗಡಿಗರು ಜಿಲ್ಲೆಯ ಸಸ್ಯಗಳ ಪುಸ್ತಕ ಹೊರತಂದರು. 2011ರಲ್ಲಿ ಚಿಂಚೋಳಿ ಅಡವಿಯ ಸುಮಾರು 134 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಲ್ಲಿಯ ಪ್ರಾಣಿಗಳ ಸುದ್ದಿ ಕೇಳುವ ನಾವು ಅಲ್ಲಿಯ ಬಳ್ಳಿಗಳ ಸುದ್ದಿಯನ್ನೂ ಕೇಳಬೇಕು.

ಮಾಡಿ ನೋಡ್ರಿ

ಐದು ಹೂವು ತರ್ರಿ: ತೊಗರಿ, ದಾಸವಾಳ, ಬದನಿ, ಕುಸುಬಿ, ತಂಗಡಿ. ಎಸಳು ಎಷ್ಟು, ಕೂಡಿವೆಯೋ ಬಿಡಿಯೋ, ಕೇಸರ ಎಷ್ಟು, ಕಾಯಿ ಹ್ಯಾಂಗ, ಬರೆದಿಡ್ರಿ. ಕುಸುಬಿಯಲ್ಲಿ ಒಂದೇ ಹೂವು ಅಂತ ತಿಳಿದದ್ದು ಅನೇಕ ಸಣ್ಣ ಹೂವುಗಳ ಗುಂಪು ಎಂದು ಕಾಣುತ್ತದೆ. ಸೂರ್ಯಕಾಂತಿ, ಚೆಂಡು ಹೂವು, ಕಾಂಗ್ರೆಸ್ ಹುಲ್ಲು ಎಲ್ಲ ಅದೇ ಮನೆತನ. ಗಿಡವನ್ನು ಹಳೆಯ ಪೇಪರಿನ ನಡುವೆ ಒತ್ತಿಟ್ಟು, ಊರು ಮತ್ತು ತಾರೀಖು ಬರೆದರೆ ಅದೇ ಒಂದು ದಾಖಲೆ.

ಎಚ್ಚರಿಕೆ: ಕಳ್ಳಿಯ ಹಾಲು, ಎಕ್ಕಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಬಳಗ ಎಂದು ತಿಂದು ನೋಡಬೇಡಿ. ಬದನಿ, ಟಮಾಟಿ, ಮೆಣಸಿನಕಾಯಿಯ ಕುಟುಂಬದಲ್ಲೇ ವಿಷದ ಮದ್ದುಗುಣಕಿಯೂ ಇದೆ.

ಯೋಚಿಸಿ ಉತ್ತರ ಬರೆಯಿರಿ

1. ಶೇಂಗಾ ನೆಲದೊಳಗೆ ಇದ್ದರೂ ಅದನ್ನು ಗಡ್ಡೆ ಎನ್ನದೆ ಕಾಯಿ ಎನ್ನುವುದು ಯಾಕೆ?

2. ನಿಮ್ಮ ಹೊಲದಲ್ಲಿ ಈ ವರ್ಷ ತೊಗರಿ ಇದ್ದರೆ ಬರುವ ವರ್ಷ ಏನು ಬಿತ್ತಬೇಕು, ಯಾಕೆ? ಮನೆಯಲ್ಲಿ ಹಿರಿಯರಿಗೆ ಕೇಳಿ ಬರೆಯಿರಿ.

ಉತ್ತರಗಳನ್ನು ಈ ಪತ್ರಿಕೆಯ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿರಿ. ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಬರೆದು ಹಚ್ಚುತ್ತೇವೆ.